ಬೋರಲಿಟ್ಟ ಚಮಚ

"ಏಯ್ ಕನ್ನಡಕ, ಅನ್ನ ಚೆಲ್ಲೋಕೆ ನಿಮ್ಮಪ್ಪ ನಿನ್ನ ಯೂನಿವರ್ಸಿಟಿಗೆ ಕಳಿಸಿದ್ದಾ?"

ಕ್ಯಾಂಟೀನಿನ ಗದ್ದಲ ಒಮ್ಮೆಲೇ ಅಡಗಿತು. ತಟ್ಟೆ ತೊಳೆಯುವ ಕೋಣೆಯ ಬಾಗಿಲು ದೂಡಿಕೊಂಡು ಬಂದವನ ಮೊಣಕೈವರೆಗೆ ಸೋಪಿನ ನೊರೆ. ಕೈಯಲ್ಲೊಂದು ತಟ್ಟೆ. ಅದರಲ್ಲಿ ಅರ್ಧ ಅನ್ನ, ಅರ್ಧ ಮೊಟ್ಟೆ. ಗೆರೆ ಎಳೆದು ಬಿಟ್ಟ ಹಾಗೆ ಅರ್ಧ.

"ಮೊನ್ನೆಯಿಂದ ನೋಡ್ತಾ ಇದೀನಿ. ತಿನ್ನೋಕಾಗದಿದ್ರೆ ಯಾಕೆ ಹಾಕಿಸ್ಕೊಳ್ತೀಯ? ಕೊಬ್ಬಾ?"

ಕನ್ನಡಕದ ಹುಡುಗ ಏನೋ ಹೇಳಲು ಬಾಯಿ ತೆರೆದ. ಸುತ್ತ ಕೂತವರನ್ನು ನೋಡಿದ. ಮುಚ್ಚಿಕೊಂಡ. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಕೆಂಪಾದ ಕಿವಿ ಹೊತ್ತುಕೊಂಡು ಹೊರಟೇ ಹೋದ.

"ದೊಡ್ಡ ಮನುಷ್ಯ. ಉತ್ತರ ಕೊಟ್ರೆ ನಾಲಿಗೆ ಸವೆಯುತ್ತೆ" ಅಂದ ತೊಳೆಯುವವನು, ಎಲ್ಲರಿಗೂ ಕೇಳುವ ಹಾಗೆ. ಒಳಗೆ ಬಂದು ತಟ್ಟೆಯನ್ನು ಬಕೆಟ್ಟಿಗೆ ಕೆರೆದ.

ಅವನ ಕೆಲಸ ನಿಜಕ್ಕೂ ಊರಾಚೆಯ ಆಸ್ಪತ್ರೆಯ ಅಡುಗೆಮನೆಯಲ್ಲಿ. ಇಲ್ಲಿ ತಟ್ಟೆ ತೊಳೆಯುವ ಅಜ್ಜಿಗೆ ಮಂಡಿ ಊದಿಕೊಂಡಿತ್ತು. "ಅಜ್ಜಿ ಬರೋವರೆಗೆ ನೀನು ಸುಧಾರಿಸು" ಅಂತ ಗುತ್ತಿಗೆದಾರ ಇವನನ್ನು ದಬ್ಬಿದ್ದ. ಇವನಿಗೆ ಮನಸ್ಸಿರಲಿಲ್ಲ. ತಂಗಿ ಓದುವುದು ಇದೇ ಯೂನಿವರ್ಸಿಟಿಯಲ್ಲಿ. ಅವಳ ಅಣ್ಣ ಎಂಜಲು ತಟ್ಟೆ ತೊಳೆಯುತ್ತಾನೆ ಅನ್ನುವುದು ಅವಳ ಗೆಳತಿಯರ ಬಾಯಿಗೆ ಬೀಳುವುದು ಬೇಡ. ಅವಳಿಗೂ ಹೇಳಿರಲಿಲ್ಲ.

ಪುಣ್ಯಕ್ಕೆ ತಟ್ಟೆ ತಳ್ಳುವ ಕಿಂಡಿ ತಗ್ಗಿನಲ್ಲಿತ್ತು, ಸೊಂಟದ ಮಟ್ಟಕ್ಕೆ. ಕಿಂಡಿಯ ಒಳಗೆ ಎರಡು ಹಲಗೆಯ ಸ್ಟ್ಯಾಂಡು. ಬರುವುದು ಬರೀ ಕೈಗಳು. ಮುಖ ನೋಡಬೇಕೆಂದರೆ ಬಾಗಬೇಕು. ಕನ್ನಡಕದವನನ್ನು ಹಿಡಿಯಲು ಇವತ್ತು ಬಾಗಿದ್ದ, ಅಷ್ಟೇ. ಅಲ್ಲದೆ ತಂಗಿಯ ಲ್ಯಾಬು, ಹಾಸ್ಟೆಲ್ಲು ಎರಡೂ ಇನ್ನೊಂದು ತುದಿಯಲ್ಲಿ. ಅಲ್ಲೇ ಅವಳ ಮೆಸ್ಸು. ಈ ಕಡೆ ಅವಳಿಗೇನು ಕೆಲಸ?

ಅಪ್ಪ ಸತ್ತ ವರ್ಷ ಇವನು ಶಾಲೆ ಬಿಟ್ಟು ಇಟ್ಟಿಗೆ ಹೊತ್ತ. ಇಬ್ಬರಲ್ಲಿ ಒಬ್ಬರಾದರೂ ಓದಲಿ ಅಂತ. ಅಂದಿನಿಂದ ತಟ್ಟೆಯಲ್ಲಿ ಬಿಟ್ಟು ಏಳುವವರನ್ನು ಕಂಡರೆ ಮೈಯೆಲ್ಲ ಉರಿ. ಸಂಬಳ ಬಂದ ದಿನ ಮೊದಲು ತಂಗಿಯ ಮೆಸ್ಸಿಗೆ ಎತ್ತಿಟ್ಟು, ಆಮೇಲೆ ಮಿಕ್ಕ ಲೋಕ. ಅವಳು ಹಾಸ್ಟೆಲ್ಲಿಗೆ ಹೊರಟಾಗ ತನ್ನ ಸ್ವೆಟರನ್ನೇ ತೊಡಿಸಿ ಕಳಿಸಿದ್ದ. ಬಿಚ್ಚಿಹೋದ ತೋಳಿನ ಅಂಚನ್ನು ಗೋಣಿದಾರದಲ್ಲಿ ತಾನೇ ಹೊಲಿದಿದ್ದ. "ವಿಜ್ಞಾನಿ ಆಗೋಳನ್ನ ಅಕ್ಕಿಮೂಟೆ ಮಾಡಿಬಿಟ್ಟೆಯಲ್ಲೋ ಅಣ್ಣ" ಅಂತ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಹೋದ ವಾರ ಅಮ್ಮ ಫೋನಿನಲ್ಲಿ ಪಿಸುಗುಟ್ಟಿದ್ದಳು. "ಪುಟ್ಟಿಗೆ ಅದೇನೋ ಸ್ಕಾಲರ್‌ಶಿಪ್ಪಂತೆ ಕಣೋ. ನನ್ನ ಮಾತ್ರೆಗೆಲ್ಲ ಅವಳೇ ಕಳಿಸ್ತಾಳೆ. ನಿನಗೆ ಹೇಳಬೇಡ ಅಂದಿದಾಳೆ." ಅವತ್ತಿಡೀ ಇವನ ಕಾಲು ನೆಲದ ಮೇಲಿರಲಿಲ್ಲ.

ನಿನ್ನೆ ಸಂಜೆ ತಂಗಿಗೇ ಫೋನು ಮಾಡಿದ್ದ.

"ಊಟ ಆಯ್ತೇನೇ?"

"ಆಯ್ತಣ್ಣ. ಮೆಸ್ಸಲ್ಲಿ ತಿನ್ನಿಸಿ ತಿನ್ನಿಸಿ ಸಾಯಿಸ್ತಾರೆ."

"ಮತ್ತೆ ದನಿ ಯಾಕೆ ಬಾವಿಯೊಳಗಿಂದ ಬಂದ ಹಾಗಿದೆ?"

"ನಿದ್ದೆ. ಪುಸ್ತಕ ಹಿಡಿದ್ರೆ ಅಕ್ಷರ ಎಲ್ಲ ಈಜಾಡುತ್ತೆ."

"ತಿಂದು ತಿಂದು ಸೋಮಾರಿ ಆಗಿದೀಯ."

ಅವಳು ನಕ್ಕಳು, ತುಸು ತಡವಾಗಿ.

"ಏನೋ ಮಾಡಿದೆ ನೀನು?" ಅಡುಗೆಯಾಕೆ ಸೌಟು ಹಿಡಿದೇ ಒಳಗೆ ನುಗ್ಗಿದಳು. "ಆ ಹುಡುಗನ ತಟ್ಟೆ ಯಾವ ಹಲಗೆ ಮೇಲಿತ್ತು?"

"ಕೆಳಗಿನದರಲ್ಲಿ. ಯಾಕಕ್ಕ?"

"ಚಮಚ?"

"ಬೋರಲಾಗಿತ್ತು. ಅದಕ್ಕೇನೀಗ?"

ಆಕೆ ಹಣೆ ಚಚ್ಚಿಕೊಂಡಳು. "ಅದು ಎಂಜಲಲ್ಲ ಕಣೋ ಮಂಕೇ. ಬಾಯಿಗಿಡೋ ಮೊದಲೇ ಪಾಲು ಮಾಡಿ ಇಡ್ತಾನೆ. ಜನ ಕರಗಿದ ಮೇಲೆ ಊಟಕ್ಕೆ ಗತಿಯಿಲ್ಲದ ಮಕ್ಕಳು ಬಂದು ತಗೋತಾರೆ. ಬೋರಲು ಚಮಚದ ತಟ್ಟೆ ಮುಟ್ಟಬಾರದು ಅಂತ ಅಜ್ಜಿ ನಿನಗೆ ಹೇಳಲಿಲ್ವಾ?"

"ಇಲ್ಲಿ ಓದೋ ಮಕ್ಕಳಾ? ಹಸ್ಕೊಂಡು?"

"ಓದ್ತಾರೆ ಅಂದ ಮಾತ್ರಕ್ಕೆ ಹೊಟ್ಟೆ ಸುಮ್ಮನಿರುತ್ತಾ?"

"ಯಾರವರು?"

"ಅದನ್ನ ಕೇಳಬಾರದು. ಕೈ ಬಂತಾ, ಆ ಕಡೆ ತಿರುಗಿ ನಡೀತಾ ಇರಬೇಕು. ಮಾತಾಡಿಸಿದರೆ ನಾಚಿಕೊಂಡು ಮತ್ತೆ ಈ ಕಡೆ ತಲೆಹಾಕಲ್ಲ, ಉಪವಾಸ ಸಾಯ್ತಾರೆ. ಅಜ್ಜಿಯ ಕಟ್ಟಪ್ಪಣೆ."

ಆಕೆ ಹೋದ ಮೇಲೆ ಅವನು ಬಕೆಟ್ಟನ್ನೇ ನೋಡುತ್ತ ನಿಂತ. ಮೊನ್ನೆಯದು, ನಿನ್ನೆಯದು, ಇವತ್ತಿನದು. ಎಲ್ಲ ಇವನ ಕೈಯಾರೆ. ಹುಡುಗ ಬಾಯಿ ತೆರೆದು ಮುಚ್ಚಿಕೊಂಡದ್ದು ಈಗ ಅರ್ಥವಾಯಿತು. ನಾಳೆ ಅವನ ಕಾಲಿಗೆ ಬಿದ್ದರೂ ಸರಿ, ಅಂದುಕೊಂಡ. ಆದರೆ ಇವತ್ತು ಬರುವ ಹೊಟ್ಟೆಗೆ ನಾಳೆಯ ಕ್ಷಮೆ ಯಾತಕ್ಕೆ?

ಕೆಲಸದವರ ಪಾಲಿನ ತನ್ನ ಊಟ ಮೂಲೆಯಲ್ಲಿ ಮುಚ್ಚಿಟ್ಟಿತ್ತು. ಅದನ್ನು ತಂದು ಕೆಳಗಿನ ಹಲಗೆಯ ಮೇಲಿಟ್ಟ. ಚಮಚ ಬೋರಲು ಮಾಡಿದ. ಯಾವನೋ ಪಾಪದವನು, ತಿನ್ನಲಿ.

ಹೊರಗೆ ಕುರ್ಚಿಗಳ ಸದ್ದು ನಿಂತಿತು. ಆಮೇಲೊಂದು ಹೆಜ್ಜೆ ಸದ್ದು, ನಿಧಾನಕ್ಕೆ. ಕಿಂಡಿಯೊಳಗೆ ಒಂದು ಕೈ ಇಳಿಯಿತು. ಹಲಗೆ ತಡವಿತು. ತುಂಬಿದ ತಟ್ಟೆ ತಾಗಿ ಗಕ್ಕನೆ ನಿಂತಿತು.

"ಅಜ್ಜೀ, ಬಂದ್ರಾ? ಎರಡು ದಿನದಿಂದ ಇಲ್ಲಿ ಏನೂ ಇರಲಿಲ್ಲ. ಮಂಡಿ ವಾಸಿಯಾಯ್ತಾ ಅಜ್ಜಿ?"

ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ತೋಳಿನ ಅಂಚಿನಲ್ಲಿ ತಾನೇ ಹಾಕಿದ ಗೋಣಿದಾರದ ಹೊಲಿಗೆ ಕಂಡ ಅವನು ನೊರೆಗೈಯನ್ನು ಬಾಯಿಗೊತ್ತಿಕೊಂಡು, ಉತ್ತರ ಕೊಡದೆ, ಆ ಕಡೆ ತಿರುಗಿ ನಡೆದ.