ಗದ್ದಲ ಮಾಡ್ರಪ್ಪಾ, ದಮ್ಮಯ್ಯ

ಎನ್‌ಕಾರ್ನಾ ಸುಟ್ಟ ಬ್ರೆಡ್ಡಿಗೆ ಟೊಮೆಟೊ ಉಜ್ಜುತ್ತಿದ್ದಳು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಬೆಗೋನ್ಯಾ ಪುಟ್ಟದೊಂದು ಸ್ಪೀಕರ್ ಹಿಡಿದು ಹೋಟೆಲಿನೊಳಗೆ ಬಂದದ್ದೇ ತಡ, ಕೆಲಸ ಅರ್ಧಕ್ಕೇ ಬಿಟ್ಟು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಓಡಿದಳು.

ಆಸ್ಪತ್ರೆಯ ನಿಶ್ಶಬ್ದ ಕೋಣೆಯಲ್ಲಿ ಮಗಳು ಆಲ್ಬಾ ಒಂದು ಮಾತನ್ನೂ ತಪ್ಪಿರಲಿಲ್ಲ. ಕಿವಿಯಲ್ಲಿರುವ ಯಂತ್ರವೇ ಸಾಕು, ದನಿಯನ್ನು ನೇರ ಆ ಯಂತ್ರಕ್ಕೆ ಕಳಿಸುವ ಮೈಕನ್ನು ಶಾಲೆಯ ಟೀಚರ್ ಕೊರಳಿಗೆ ಹಾಕಿಕೊಳ್ಳಬೇಕಿಲ್ಲ ಎಂದುಬಿಟ್ಟಿದ್ದರು ಅಲ್ಲಿಯವರು. ಗದ್ದಲದಲ್ಲಿ ಹುಡುಗಿ ಬರೀ ನಕ್ಕು ತಲೆಯಾಡಿಸುತ್ತಾಳೆಂಬುದು ತಾಯಿಗಷ್ಟೇ ಗೊತ್ತು. ಹಟ ಹಿಡಿದು ಅವಳೇ ಬೆಗೋನ್ಯಾಳನ್ನು ಇಲ್ಲಿಗೆ ಕರೆಸಿದ್ದಳು. ಮೀನು ಮಾರುಕಟ್ಟೆಯ ಎದುರಿನ ಈ ಹೋಟೆಲಿಗಿಂತ ಗದ್ದಲದ ಜಾಗ ಇಡೀ ಕಾದಿಸ್ ಊರಿನಲ್ಲಿ ಇರಲಿಲ್ಲ.

"ಇದು ಹೇಳಿದ್ದನ್ನ ಹಾಗೇ ಹೇಳ್ಬೇಕು, ಪುಟ್ಟಿ. ಅರ್ಥ ಹುಡುಕ್ಬೇಡ," ಎಂದು ಬೆಗೋನ್ಯಾ ಸ್ಪೀಕರನ್ನು ಆಲ್ಬಾಳ ಮುಂದಿಟ್ಟಳು.

ಅಷ್ಟೇ, ಹೋಟೆಲಿಗೆ ಹೋಟೆಲೇ ತೆಪ್ಪಗಾಯಿತು. ಮೀನು ಮಾರುವ ಎವಾರಿಸ್ತೊ ಕಪ್ಪಿನಲ್ಲಿ ಚಮಚ ಆಡಿಸುವುದನ್ನೂ ನಿಲ್ಲಿಸಿ, ಒಳಬಂದವರತ್ತ ಕಣ್ಣು ಬಿಟ್ಟ. "ಶ್! ಮಗೂಗೆ ಪರೀಕ್ಷೆ!"

"ಮಾರ್ತಾ ಏಳು ಹಳೇ ಹಡಗು ಕೊಂಡಳು," ಎಂದಿತು ಸ್ಪೀಕರು.

"ಮಾರ್ತಾ ಏಳು ಹಳೇ ಹಡಗು ಕೊಂಡಳು!" ಎಂದಳು ಆಲ್ಬಾ.

ಚಪ್ಪಾಳೆಯೋ ಚಪ್ಪಾಳೆ. "ಪಾಸು!" ಎವಾರಿಸ್ತೊ ಮೇಜು ಗುದ್ದಿದ.

"ಏನು ಪಾಸು, ನಿನ್ನ ತಲೆ!" ಎನ್‌ಕಾರ್ನಾ ಸಿಡಿದಳು. "ವರ್ಷವೆಲ್ಲ ಬಾಯಿ ಮುಚ್ರೋ ಅಂದ್ರೆ ಮುಚ್ಚಲ್ಲ, ಇವತ್ತು ಗರ ಬಡಿದೋರ ಹಾಗೆ ಕೂತಿದ್ದೀರಲ್ಲ! ಗದ್ದಲ ಮಾಡ್ರಪ್ಪಾ, ದಮ್ಮಯ್ಯ!"

"ಮಗು ಫೇಲಾದ್ರೆ?"

"ಫೇಲಾದ್ರೇನೇ ಮೈಕು ಸಿಗೋದು, ಮಾಮ!"

ಎಲ್ಲರೂ ಮುಖ ಮುಖ ನೋಡಿಕೊಂಡರು. ಒಬ್ಬ ಸುಮ್ಮನೆ ಕೆಮ್ಮಿದ. ಇದು ಆಗುವ ಮಾತಲ್ಲವೆಂದು ಎನ್‌ಕಾರ್ನಾ ಕಾಫಿ ಬೀಜ ಅರೆಯುವ ಯಂತ್ರದ ಗುಂಡಿ ಒತ್ತಿ, ಗಂಟಲೆತ್ತಿ ಹೇಳಿದಳು: "ನಿನ್ನೆ ನಮ್ಮೋರ ಗೋಲನ್ನ ರೆಫ್ರಿ ರದ್ದು ಮಾಡಿದ್ದು ಸರಿಯಾಗೇ ಇತ್ತು!"

ಸೂರು ಹಾರಿಹೋಗುವುದೊಂದು ಬಾಕಿ. ಕುರ್ಚಿಗಳು ಕಿರುಗುಟ್ಟಿದವು, ರೆಫ್ರಿಯ ವಂಶವೆಲ್ಲ ಹೊರಗೆ ಬಂತು. ಆ ನಡುವೆಯೇ ಸ್ಪೀಕರು ನುಡಿಯಿತು. ಆಲ್ಬಾ ನೋಡಿ ಮಾತು ತಿಳಿಯಲು ಯಾರದಾದರೂ ತುಟಿಗಾಗಿ ಹುಡುಕಿದಳು, ಡಬ್ಬಿಗೆಲ್ಲಿಯ ತುಟಿ? ಎಂದಿನಂತೆ ನಕ್ಕಳು, ತಲೆಯಾಡಿಸಿದಳು. ಸನ್ನೆ ಮಾಡಿ ಹೇಳಿಕೊಡಲು ತಾನಾಗಿಯೇ ಎದ್ದ ಕೈಯನ್ನು ಎನ್‌ಕಾರ್ನಾ ಬೆನ್ನ ಹಿಂದೆ ಬಿಗಿಹಿಡಿದಳು.

ಎವಾರಿಸ್ತೊಗೆ ತಡೆಯಲಾಗಲಿಲ್ಲ. ಕೂಗಾಟದ ಮಧ್ಯೆಯೇ ಬಗ್ಗಿ, ಮಗುವಿನ ಮುಖಕ್ಕೆ ಮುಖ ತಂದು ಸ್ಪೀಕರು ಹೇಳಿದ್ದನ್ನು ಉಸುರಿದ: "ಮೂರು ನೀಲಿ ಕುರ್ಚಿ, ಕಂದಾ. ಮೂರು ನೀಲಿ ಕುರ್ಚಿ."

ಆಲ್ಬಾಳ ನಗು ನಿಂತಿತು. ಅವನನ್ನು ನೋಡಿದಳು, ಇನ್ನೂ ಕಿರುಚುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಎಲ್ಲರಿಗಿಂತ ಜೋರಾಗಿ ಕೇಳಿದಳು:

"ಅಮ್ಮಾ, ಇಷ್ಟು ಗದ್ದಲದಲ್ಲೂ ನಿಮಗೆಲ್ಲ ಕೇಳ್ಸುತ್ತಾ?"