ಹವಳಕ್ಕೊಂದು ಭದ್ರವಾದ ಜಾಗ

ತೊಟ್ಟಿಯೊಳಗಿನ ಜೀವಂತ ಹವಳ ತಾನಾಗಿ ಬಿದ್ದಿರಲಿಲ್ಲ. ಯಾರೋ ಬೀಳಿಸಿದ್ದರು. ಮನೆಮನೆಗೆ ಹೋಗಿ ಮೀನಿನ ತೊಟ್ಟಿ ನೋಡಿಕೊಳ್ಳುವವನಿಗೆ ಅಷ್ಟೂ ತಿಳಿಯುವುದಿಲ್ಲವೆ? ಕಲ್ಲು ಅಲುಗಿಲ್ಲ, ಹವಳವೊಂದೇ ಮರಳಿನ ಮೇಲೆ ಮಗುಚಿಕೊಂಡಿದೆ. ಸಾಲದ್ದಕ್ಕೆ ಮನೆಯೊಡತಿಯ ಬಲತೋಳು ಮೊಣಕೈವರೆಗೆ ಒದ್ದೆ.

"ಮತ್ತೆ ಬಿತ್ತಣ್ಣಾ. ಈ ಮೀನುಗಳ ಕಾಟ!" ಎಂದಳು ಆಕೆ.

"ಹೂಂ, ಮೀನೇ ಇರ್ಬೇಕು ಅಕ್ಕಾ," ಎಂದ ಆತ. ಮೀನುಗಳೋ, ಹೆಬ್ಬೆರಳಿನಷ್ಟೂ ಇಲ್ಲ.

ಒಬ್ಬಳೇ ಇರುವ ಹೆಂಗಸು, ಮಾತಿಗೊಂದು ಜೀವ ಬೇಕು, ಅದಕ್ಕೇ ಈ ನಾಟಕ ಎಂದು ಆತನ ಲೆಕ್ಕ. ಈ ಮನೆಯಲ್ಲಿ ಇನ್ನೊಬ್ಬರನ್ನು ಆತ ಕಂಡವನೇ ಅಲ್ಲ. ಬಾಗಿಲಲ್ಲಿ ಗಂಡಸರ ಚಪ್ಪಲಿ ಇತ್ತು. ಒಂಟಿ ಹೆಂಗಸರು ಕಳ್ಳರ ಭಯಕ್ಕೆ ಹಾಗೆ ಬಿಟ್ಟಿರುವುದುಂಟು. ಒಲೆಯ ಮೇಲೆ ದೊಡ್ಡ ಪಾತ್ರೆ. ತುಂಬಿದ ಮನೆಗೆ ಬೇಯಿಸಿದ ಕೈ, ಅಳತೆ ಅಷ್ಟು ಬೇಗ ಬದಲಾಗುತ್ತದೆಯೆ? ಮಹಡಿಯಲ್ಲಿ ಸದ್ದಾದರೆ ಆಕೆ "ಬೆಕ್ಕು" ಎನ್ನುತ್ತಿದ್ದಳು.

ಜನವಿರುವ ಮನೆಗಳಲ್ಲಿ ಆತ ನೀರೂ ಕುಡಿಯುತ್ತಿರಲಿಲ್ಲ. ಕೆಲಸ ಮುಗಿಯಿತೋ, ಚೀಲ ಹೆಗಲಿಗೆ. ಇಲ್ಲಿ ಮಾತ್ರ ಕೂರುತ್ತಿದ್ದ, ಟೀ ಕುಡಿಯುತ್ತಿದ್ದ, ತೀರಿಹೋದ ಹೆಂಡತಿಯ ಸುದ್ದಿ ಹೇಳುತ್ತಿದ್ದ. ಎಲ್ಲ ಆಕೆಯ ಬೇಸರ ಕಳೆಯಲೆಂದು. ಒಮ್ಮೆ ಆಕೆ, "ಕೆಲಸ ಇಲ್ದಿದ್ರೂ ಬರ್ತಾ ಇರಿ" ಅಂದಾಗ, "ಕೆಲಸ ಇಲ್ದೆ ಯಾರ ಹೊಸ್ತಿಲೂ ತುಳಿಯೋನಲ್ಲ ನಾನು" ಎಂದುಬಿಟ್ಟಿದ್ದ.

ಇವತ್ತು ಹವಳ ಎತ್ತಿ ತಿರುಗಿಸಿ ನೋಡಿದ. ಅಂಚು ಬೆಳ್ಳಗಾಗಿತ್ತು.

"ಇನ್ನೊಂದ್ಸಲ ಬಿದ್ರೆ ಇದು ಸತ್ತೇ ಹೋಗುತ್ತೆ."

"ಅಯ್ಯೋ! ನಂಗೆ ಗೊತ್ತಿರ್ಲಿಲ್ಲ!" ಆಕೆಯ ಮುಖ ಬಿಳಿಚಿತು.

ಅಂಟು ಮೊದಲ ದಿನದಿಂದಲೂ ಚೀಲದಲ್ಲಿತ್ತು. ಹಚ್ಚಿದರೆ ಹವಳ ಬೀಳುವುದು ನಿಲ್ಲುತ್ತದೆ. ತಾನಿಲ್ಲಿಗೆ ಬರುವುದೂ ನಿಲ್ಲುತ್ತದೆ.

ಜಾಗ ಹುಡುಕುತ್ತ ಬೇಕೆಂದೇ ತಡ ಮಾಡಿದ. ತುದಿಯಲ್ಲಿಟ್ಟರೆ ದೀಪದ ಬೆಳಕು ಸುಡುತ್ತದೆ. ಕೆಳಗಿಟ್ಟರೆ ಮರಳು ಮುಚ್ಚುತ್ತದೆ. ಎಡಕ್ಕಿಟ್ಟರೆ ಪಕ್ಕದ ಹವಳ ಎಳೆ ಚಾಚಿ ಕುಟುಕುತ್ತದೆ.

"ನಡುವೆ ಒಂದು ಗೇಣು ಬಿಡ್ಬೇಕು ಅಕ್ಕಾ. ಇಲ್ದಿದ್ರೆ ಕಚ್ಚಾಡ್ತಾವೆ."

"ನಮ್ಮನೇಲೂ ಅಷ್ಟೇ," ಎಂದು ನಕ್ಕವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಹಳೆಯ ನೆನಪು ಕಾಡಿರಬೇಕು, ಎಂದುಕೊಂಡ ಆತ.

ಕೊನೆಗೆ ಬಲಬದಿಯಲ್ಲಿ ಕಲ್ಲಿನ ನಡುಭಾಗವನ್ನು ಆರಿಸಿ, ಅಂಟು ಹಚ್ಚಿ, ಹವಳವನ್ನು ಒತ್ತಿ ಹಿಡಿದ. ಅದು ಕಚ್ಚಿಕೊಂಡ ಮೇಲೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

"ಇನ್ನು ಬೀಳಲ್ಲ."

ಆಕೆ ಟೀ ತಂದಿಟ್ಟಳು. ಆತ ಟೀಯನ್ನು ಗುಟುಕು ಗುಟುಕಾಗಿ ಮುಗಿಸಿದ. "ಧೈರ್ಯವಾಗಿರಿ ಅಕ್ಕಾ," ಎಂದು ಹೇಳಿ ಎದ್ದ. ಬೀದಿಗಿಳಿದಾಗ ಅಳು ಬಂತು. ಆಕೆಗಾಗಿ ಎಂದು ತನಗೆ ತಾನೇ ಹೇಳಿಕೊಂಡ.

ಗೇಟು ಮುಚ್ಚಿದ್ದೇ ತಡ, ಮಹಡಿಯ ಬಾಗಿಲು ತೆರೆಯಿತು. ಆಕೆಯ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಸಾಲಾಗಿ ಇಳಿದು ಬಂದು ತೊಟ್ಟಿಯ ಮುಂದೆ ನಿಂತರು.

"ಅಂಟಿಸೇಬಿಟ್ರಾ? ಛೆ!" ಎಂದ ಗಂಡ. "ಪಾಪ, ಜನ ಇದ್ರೆ ಕೂರದ ಆ ಮನುಷ್ಯಂಗೆ ಮಾತಾಡೋಕೆ ಬೇರೆ ಯಾರಿದ್ದಾರೆ? ಇನ್ನು ಏನು ನೆಪ ಹೇಳಿ ಕರೆಸೋದು?"