ಪೈಲ್ವಾನನ ನೆರಳು

ದುಃಖ ಹೆಚ್ಚಿದವರ ನೆರಳು ಭಾರವಾಗುತ್ತಿದ್ದ ಕಾಲವದು. ಹುಬ್ಬಳ್ಳಿಯ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ರೋಗಿಗಳನ್ನು ಗಾಲಿಕುರ್ಚಿಯಲ್ಲೂ ಅವರ ನೆರಳನ್ನು ಹಿಂದೆ ತಳ್ಳುಗಾಡಿಯಲ್ಲೂ ಸಾಗಿಸುತ್ತಿದ್ದರು. ತಮ್ಮ ತೀರಿಕೊಂಡ ಮೇಲೆ ಪೈಲ್ವಾನ ಫಕ್ಕೀರಪ್ಪ ತನ್ನ ನೆರಳನ್ನೇ ಎತ್ತಲಾರದೆ, ಯಾರೊಡನೆಯೂ ಮಾತಾಡದೆ ಮಲಗಿಬಿಟ್ಟಿದ್ದ.

ಮನೋವೈದ್ಯೆ ಡಾಕ್ಟರ್ ದಾಕ್ಷಾಯಿಣಿ ತಮ್ಮ ವಿದ್ಯಾರ್ಥಿಗಳನ್ನು ಅವನ ಬಳಿ ಕರೆತಂದರು. ಹೃದಯದ ಸರ್ಜನ್ ಆಗಬೇಕೆಂದಿದ್ದ ಸುಮಂಗಲಾ ಕೇಳಿದಳು, "ಮೇಡಂ, ಈ ನೆರಳು ಕತ್ತರಿಸಿ ತೆಗಿಯಾಕ ಬರೂದಿಲ್ಲೇನ್ರಿ?"

"ಬರತದವ್ವಾ. ಆದ್ರ ತಮ್ಮನ ನೆನಪೂ ಅದರ ಕೂಡ ಹೋಗತದ."

ಅಷ್ಟರಲ್ಲಿ ಹೃದಯದ ಆಪರೇಷನ್ ಒಂದು ಶುರುವಾಗಲಿದೆಯೆಂದು ಉಳಿದ ವಿದ್ಯಾರ್ಥಿಗಳು ನೋಡಲು ಓಡಿದರು. ಸುಮಂಗಲಾ ಮಾತ್ರ ಫಕ್ಕೀರಪ್ಪನ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತಳು. "ಅಣ್ಣಾರ, ನಿಮ್ಮ ತಮ್ಮ ಕುಸ್ತಿಯೊಳಗ ಹೆಂಗಿದ್ರು?"

ಕೇಳಿ ಆಕೆ ಸ್ಟೂಲ್ ಬಿಟ್ಟು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಫಕ್ಕೀರಪ್ಪನ ತುಟಿ ಅಲುಗಿತು.

"ಭಾಳ ಮೋಸಗಾರ. ಕಚಗುಳಿ ಇಟ್ಟು ಕೆಡವತಿದ್ದ," ಎಂದು ನಕ್ಕ, ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಹಗುರಾದ ಮೇಲೆ ಆಕೆಯ ಭುಜ ಹಿಡಿದು ಎದ್ದು ನಿಂತ. ನೆರಳು ನೆಲದ ಮೇಲೆ ಮೆಲ್ಲಗೆ ಸರಿದು ಅವನ ಜೊತೆಗೆ ಬಂತು.

"ಮೇಡಂ, ನಾ ನಿಮ್ಮ ವಿಭಾಗಕ್ಕ ಬರ್ತೀನ್ರಿ," ಎಂದಳು ಸುಮಂಗಲಾ, ಅಲ್ಲೇ ನಿಂತು ನೋಡುತ್ತಿದ್ದ ದಾಕ್ಷಾಯಿಣಿಯವರಿಗೆ.

ದಾಕ್ಷಾಯಿಣಿಯವರ ಎದೆಯುಬ್ಬಿತು. ಅವರು ನೇರವಾಗಿ ಆಪರೇಷನ್ ಕೋಣೆಯ ಬಾಗಿಲಿಗೇ ಹೋಗಿ ಕೂಗಿದರು: "ಹೊರಗ ಬರ್ರಿ ಎಲ್ಲಾರೂ! ಪೈಲ್ವಾನರನ್ನ ಎಬ್ಬಿಸಿ ನಿಲ್ಲಿಸ್ಯಾಳ ನಮ್ಮ ಹುಡುಗಿ!"